ಟಿನ್‌ಟಿನ್ ಬರೀ ಬಾಲ್ಯದ ನೆನಪಲ್ಲ

ಮಾನ್ಯ ಸಂಪಾದಕರೇ,

ಟಿನ್‌ಟಿನ್ ಎಂಬ ಎಳೆಯ ಪತ್ರಕರ್ತನ ಸಾಹಸಗಳ ಚಿತ್ರಕಥೆ ಪುಸ್ತಕಗಳ ಬಗ್ಗೆ ಯಾರೇ ಬರೆಯಲಿ, ಮೊದಲ ಸಾಲಿನಲ್ಲೇ ಬಾಲ್ಯ ಬಂದುಬಿಡುತ್ತದೆ. ಹಳೆಯ ಪುಸ್ತಕದ ವಾಸನೆ, ರಜೆಯ ಮಧ್ಯಾಹ್ನ, ಆ ದಿನಗಳು ಮತ್ತೆ ಬರಲ್ಲ ಅನ್ನುವ ನಿಟ್ಟುಸಿರು. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಈ ಪುಸ್ತಕಗಳು ಇಷ್ಟು ಕಾಲ ಉಳಿದಿದ್ದು ಅದಕ್ಕೇ ಅಂದರೆ ನಾನು ಒಪ್ಪುವುದಿಲ್ಲ. ಯಾಕೆಂದರೆ ಚಿಕ್ಕವನಿದ್ದಾಗ ನಾನು ಟಿನ್‌ಟಿನ್ ಓದಿಯೇ ಇರಲಿಲ್ಲ. ಜ್ವರ ಬಂದು ಮಲಗಿದ್ದ ಅಕ್ಕನ ಮಗಳು 'ಮಾಮ, ಇದನ್ನು ಓದಿ ಹೇಳು' ಅಂದಾಗ ಮೊದಲ ಸಲ ಕೈಗೆತ್ತಿಕೊಂಡೆ. ಆಗ ನನಗೆ 38 ವರ್ಷ. ಅವಳಿಗೆ ನಿದ್ದೆ ಬಂದ ಮೇಲೂ ನಾನು ಪುಸ್ತಕ ಕೆಳಗಿಡಲಿಲ್ಲ.

ಅದು 'ಟಿನ್‌ಟಿನ್ ಇನ್ ಟಿಬೆಟ್'. ಶುರುವಿನಲ್ಲೇ ಒಂದು ದೃಶ್ಯವಿದೆ. ಹೋಟೆಲಿನ ಹಾಲ್‌ನಲ್ಲಿ ಟಿನ್‌ಟಿನ್ ಮತ್ತು ಅವನ ಗೆಳೆಯ, ಹಡಗಿನ ಕ್ಯಾಪ್ಟನ್ ಹ್ಯಾಡಕ್ ಚೆಸ್ ಆಡುತ್ತಾ ಕೂತಿದ್ದಾರೆ. ಕ್ಯಾಪ್ಟನ್ ಮುಂದಿನ ನಡೆ ಯೋಚಿಸುತ್ತಿದ್ದಾನೆ, ಅಷ್ಟರಲ್ಲಿ ಟಿನ್‌ಟಿನ್‌ಗೆ ಜೊಂಪು ಹತ್ತಿದೆ. ಕನಸಿನಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಗೆಳೆಯ ಚಾಂಗ್ ಕೈ ಚಾಚುತ್ತಾನೆ. 'ಚಾಂಗ್!' ಎಂದು ಟಿನ್‌ಟಿನ್ ಕೂಗಿದ್ದೇ ತಡ, ಚೆಸ್ ಕಾಯಿಗಳು ಚೆಲ್ಲಾಪಿಲ್ಲಿ, ಹಾಲ್‌ನಲ್ಲಿ ತಮ್ಮ ಪಾಡಿಗೆ ತಾವು ಕೂತಿದ್ದವರೆಲ್ಲ ಒಟ್ಟಿಗೆ ಬೆಚ್ಚಿಬೀಳುತ್ತಾರೆ. ಒಂದೇ ಫ್ರೇಮ್. ಅದರಲ್ಲಿರುವ ಒಬ್ಬೊಬ್ಬರದೂ ಒಂದೊಂದು ಥರದ ಗಾಬರಿ. ಕಣ್ಣು ಹಾಯಿಸಿ ಮುಂದೆ ಹೋಗಿಬಿಡಬಹುದಾದ ಚಿತ್ರ, ಆದರೆ ಹೋಗಲು ಮನಸ್ಸಾಗುವುದಿಲ್ಲ. ಮರುದಿನ ಎದ್ದ ಹುಡುಗಿ ಆ ಫ್ರೇಮಿನ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ತೋರಿಸುತ್ತಾ ಅವರಿಗೆ ಏನೇನಾಯಿತು ಅಂತ ತಾನೇ ಕಥೆ ಕಟ್ಟಿ ಹೇಳಿದಳು.

ಈ ಚಿತ್ರಗಳ ಶೈಲಿಯೇ ಹಾಗೆ. ಎಲ್ಲ ಗೆರೆಗೂ ಒಂದೇ ದಪ್ಪ, ನೆರಳಿನ ಆಟವಿಲ್ಲ, ಸಮತಟ್ಟಾದ ಬಣ್ಣ. ಟಿನ್‌ಟಿನ್ ಮುಖದಲ್ಲಂತೂ ಏನೂ ಇಲ್ಲ, ಎರಡು ಚುಕ್ಕೆ ಕಣ್ಣು, ಪುಟ್ಟ ಮೂಗು, ಮೇಲೆದ್ದ ಒಂದು ಕುಚ್ಚು ಕೂದಲು. ಅದೇ ಅವನ ಸುತ್ತಲಿನ ಕಾರು, ಹಡಗು, ಬೀದಿ, ಬಾಗಿಲು ಮಾತ್ರ ನಿಜವಾದ್ದನ್ನು ಎದುರಿಗಿಟ್ಟುಕೊಂಡು ಬರೆದ ಹಾಗಿರುತ್ತವೆ. ಇಂಥ ಮುಖದೊಳಗೆ ಯಾರು ಬೇಕಾದರೂ ಹೊಕ್ಕು ಆ ಬೀದಿಯಲ್ಲಿ ಓಡಬಹುದು, ಅಲ್ವಾ? ಎಂಟು ವರ್ಷದವಳಿಗೂ ಸಾಧ್ಯ, ನನಗೂ ಸಾಧ್ಯವಾಯಿತು.

ಆದರೆ ನಾನು ಈ ಪತ್ರ ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ಟಿಬೆಟ್ ಮುಗಿಸಿದ ಮೇಲೆ ಉಳಿದವನ್ನೂ ಹುಡುಕಿ, ಬರೆದ ಕ್ರಮದಲ್ಲೇ ಓದಿದೆ. ಆಗ ಗೊತ್ತಾಗಿದ್ದು, ಈ 24 ಪುಸ್ತಕಗಳಲ್ಲಿ ಟಿನ್‌ಟಿನ್ ಬೆಳೆಯುವುದೇ ಇಲ್ಲ, ಬೆಳೆಯುವುದು ಅವನನ್ನು ಬರೆದ ಮನುಷ್ಯ.

ಎರ್ಜೆ ಅನ್ನುವುದು ಅವರ ಕಾವ್ಯನಾಮ. ನಿಜ ಹೆಸರು ಜಾರ್ಜ್ ರೆಮಿ, ಬೆಲ್ಜಿಯಂ ದೇಶದವರು. 1929ರ ಜನವರಿ 10ರಂದು ಬ್ರಸೆಲ್ಸ್‌ನ ಒಂದು ದಿನಪತ್ರಿಕೆಯ ಮಕ್ಕಳ ಪುರವಣಿಯಲ್ಲಿ ಟಿನ್‌ಟಿನ್ ಮೊದಲ ಸಲ ಕಾಣಿಸಿಕೊಂಡಾಗ ಅವರಿಗೆ ಇನ್ನೂ 21 ವರ್ಷ. ಪುರವಣಿ ಪ್ರತಿ ಗುರುವಾರ ಬರುತ್ತಿತ್ತು. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ, ವಾರ ವಾರ ಹೊಸೆಯುತ್ತಾ ಹೋಗುತ್ತಿದ್ದರು. ಆ ಮೊದಲ ಕಥೆಗಳು ಚೆನ್ನಾಗಿಲ್ಲ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಾಂಗೋ ಕಥೆಯಂತೂ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಗ ಕಾಂಗೋ ಬೆಲ್ಜಿಯಂ ಆಳ್ವಿಕೆಯಲ್ಲಿತ್ತು. ಅಲ್ಲಿನ ಜನರನ್ನು ಏನೂ ತಿಳಿಯದ ಮಕ್ಕಳ ಹಾಗೆ ಬರೆದಿದ್ದಾರೆ. ಶಾಲೆಯ ಮಕ್ಕಳೆದುರು ನಿಂತು ಟಿನ್‌ಟಿನ್ 'ನಿಮ್ಮ ದೇಶ ಬೆಲ್ಜಿಯಂ' ಅಂತ ಪಾಠ ಹೇಳುತ್ತಾನೆ! 1946ರಲ್ಲಿ ಮತ್ತೆ ಬರೆದಾಗ ಎರ್ಜೆ ಅದನ್ನು ತೆಗೆದು ಲೆಕ್ಕದ ಪಾಠ ಮಾಡಿದರು. ಉಳಿದ ತಪ್ಪು ಅಲ್ಲೇ ಉಳಿಯಿತು. ಮಕ್ಕಳಿಗೆ ಈ ಪುಸ್ತಕ ಕೊಡುವವರು ಪಕ್ಕದಲ್ಲಿ ಕೂತು ಮಾತಾಡಲೇಬೇಕು.

ಕಾಂಗೋ ಕಥೆ ಮುಗಿದು ಮೂರೇ ವರ್ಷದಲ್ಲಿ ಎಲ್ಲ ಬದಲಾಯಿತು. 1934ರಲ್ಲಿ ಚೀನಾದ ಕಥೆ ಶುರು ಮಾಡುವ ಮುಂಚೆ ಎರ್ಜೆಗೆ ಜಾಂಗ್ ಚೊಂಗ್‌ರೆನ್ ಎಂಬ ಗೆಳೆಯ ಸಿಕ್ಕಿದರು. ಬ್ರಸೆಲ್ಸ್‌ನಲ್ಲಿ ಕಲೆ ಕಲಿಯುತ್ತಿದ್ದ ಚೀನೀ ವಿದ್ಯಾರ್ಥಿ. ಚೀನಾ ನಿಜಕ್ಕೂ ಹೇಗಿದೆ, ಅಲ್ಲಿನವರು ಹೇಗೆ ಬದುಕುತ್ತಾರೆ, ಕುಂಚ ಹೇಗೆ ಹಿಡಿಯುತ್ತಾರೆ ಅಂತ ಅವರು ಹೇಳಿಕೊಟ್ಟರು. 'ದಿ ಬ್ಲೂ ಲೋಟಸ್' ಹುಟ್ಟಿದ್ದು ಹಾಗೆ. ಆ ಪುಸ್ತಕದ ಗೋಡೆಗಳ ಮೇಲಿರುವ ಚೀನೀ ಬರಹ ಸುಮ್ನೆ ಗೀಚಿದ್ದಲ್ಲ, ಸಾಮ್ರಾಜ್ಯಶಾಹಿಗೆ ಧಿಕ್ಕಾರ ಎನ್ನುವಂಥ ನಿಜವಾದ ಘೋಷಣೆಗಳವು. ರಿಕ್ಷಾ ಎಳೆಯುವವನಿಗೆ ಹೊಡೆಯುವ ಬಿಳಿಯನ ಕೋಲನ್ನು ಟಿನ್‌ಟಿನ್ ಮುರಿದುಹಾಕುತ್ತಾನೆ. ನದಿಯಲ್ಲಿ ಮುಳುಗುತ್ತಿದ್ದ, ಜಾಂಗ್ ಅವರನ್ನೇ ಮನಸ್ಸಿನಲ್ಲಿಟ್ಟು ಬರೆದ ಹುಡುಗ ಚಾಂಗ್‌ನನ್ನು ಎಳೆದು ದಡಕ್ಕೆ ಹಾಕಿದ ಮೇಲೆ ಇಬ್ಬರೂ ತಮ್ಮ ತಮ್ಮ ಜನ ಮತ್ತೊಬ್ಬರ ಬಗ್ಗೆ ಏನೇನು ಕಟ್ಟುಕಥೆ ನಂಬಿದ್ದಾರೆ ಅಂತ ಹೇಳಿಕೊಂಡು ನಗುತ್ತಾರೆ. ಕಾಂಗೋ ಕಥೆ ಬರೆದ ಕೈಯೇ ಇದನ್ನೂ ಬರೆದಿದ್ದು!

ಮುಂದಿನ ದಾರಿ ನೇರವಾಗಿಯೇನೂ ಇರಲಿಲ್ಲ. ಎರಡನೇ ಮಹಾಯುದ್ಧದ ವೇಳೆ ಜರ್ಮನ್ನರ ಹಿಡಿತದಲ್ಲಿದ್ದ ಪತ್ರಿಕೆಯಲ್ಲಿ ಎರ್ಜೆ ಚಿತ್ರ ಬರೆದರು, ಅದು ಅವರ ಮೇಲೆ ಉಳಿದ ಕಳಂಕ. ಕ್ಯಾಪ್ಟನ್ ಹ್ಯಾಡಕ್ ಹುಟ್ಟಿದ್ದೂ ಆಗಲೇ. ಆಮೇಲೆ ಚಂದ್ರಯಾನದ ಎರಡು ಪುಸ್ತಕ ಬಂದವು, ಮನುಷ್ಯ ನಿಜವಾಗಿ ಅಲ್ಲಿ ಕಾಲಿಡುವುದಕ್ಕೆ 15 ವರ್ಷ ಮೊದಲೇ. 1963ರ 'ದಿ ಕ್ಯಾಸ್ಟಫಿಯೋರೆ ಎಮರಾಲ್ಡ್'ನಲ್ಲಿ ಯಾರೂ ಮನೆ ಬಿಟ್ಟು ದೂರ ಹೋಗುವುದೇ ಇಲ್ಲ. ಪಚ್ಚೆ ಕಳುವಾಗುತ್ತದೆ, ಎಲ್ಲರ ಬೆರಳೂ ಹತ್ತಿರ ಬಿಡಾರ ಹಾಕಿದ್ದ ಅಲೆಮಾರಿಗಳ ಕಡೆ ತಿರುಗುತ್ತದೆ. ಕೊನೆಗೆ ನೋಡಿದರೆ ಕದ್ದದ್ದು ಒಂದು ಹಕ್ಕಿ.

ಇನ್ನು ಟಿಬೆಟ್. ಅದನ್ನು ಬರೆಯುವಾಗ ಎರ್ಜೆ ಮನಸ್ಸು ಕುಸಿದಿತ್ತು, ದಾಂಪತ್ಯ ಮುರಿಯುತ್ತಿತ್ತು, ರಾತ್ರಿಯಿಡೀ ಬಿಳಿ ಬಣ್ಣವೇ ತುಂಬಿದ ಕೆಟ್ಟ ಕನಸುಗಳು. ಕೆಲಸ ಬಿಡಿ ಅಂತ ಮನೋವೈದ್ಯರು ಹೇಳಿದರು. ಅವರು ಬಿಡಲಿಲ್ಲ. ಈ ಕಥೆಯಲ್ಲಿ ಖಳನಾಯಕನಿಲ್ಲ, ಬಂದೂಕು ಹಿಡಿದು ಯಾರೂ ಯಾರ ಹಿಂದೆಯೂ ಓಡುವುದಿಲ್ಲ. ಸತ್ತಿದ್ದಾನೆ ಅಂತ ಊರೆಲ್ಲ ಹೇಳುವ ಗೆಳೆಯನನ್ನು ಹುಡುಕಿಕೊಂಡು ಒಬ್ಬ ಹಿಮ ಹತ್ತುತ್ತಾನೆ, ಅಷ್ಟೇ. ಹಗ್ಗಕ್ಕೆ ನೇತುಬಿದ್ದ ಹ್ಯಾಡಕ್, ತಾನು ಸತ್ತರೂ ಟಿನ್‌ಟಿನ್ ಬದುಕಲಿ ಅಂತ ಹಗ್ಗ ಕೊಯ್ಯಲು ಹೊರಡುತ್ತಾನೆ, ಚಳಿಗೆ ಮರಗಟ್ಟಿದ ಬೆರಳಿನಿಂದ ಚಾಕು ಜಾರಿ ಬೀಳುತ್ತದೆ. ಅದನ್ನು ಓದುವಾಗ ನನ್ನ ಗಂಟಲು ಕಟ್ಟಿತು. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಜಾಂಗ್ 1930ರ ದಶಕದಲ್ಲೇ ಚೀನಾಕ್ಕೆ ಮರಳಿದ್ದರು, ಎರ್ಜೆಗೆ ಅವರ ಸುದ್ದಿಯೇ ಇರಲಿಲ್ಲ. ಗೆಳೆಯರಿಬ್ಬರೂ ಮತ್ತೆ ಬ್ರಸೆಲ್ಸ್‌ನಲ್ಲಿ ಭೇಟಿಯಾಗಿದ್ದು 1981ರಲ್ಲಿ. ಎರಡು ವರ್ಷಕ್ಕೆ ಎರ್ಜೆ ತೀರಿಕೊಂಡರು.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಒಂದು ಪತ್ರಿಕೆ 21ರ ಹುಡುಗನಿಗೆ ವಾರಕ್ಕೆ ಎರಡು ಪುಟ ಕೊಟ್ಟಿದ್ದರಿಂದ ಇದೆಲ್ಲ ಆಯಿತು. ಅವನ ಮೊದಲ ಕಥೆ ಸಾಧಾರಣ, ಎರಡನೆಯದಾದ ಕಾಂಗೋ ಕಥೆ ತಪ್ಪು, ಐದನೆಯದಾದ 'ದಿ ಬ್ಲೂ ಲೋಟಸ್' ಇವತ್ತಿಗೂ ಓದಿಸಿಕೊಳ್ಳುವ ಕೃತಿ. ಎರಡನೆಯದಕ್ಕೇ ನಿಲ್ಲಿಸಿದ್ದರೆ? ನಿಮ್ಮ ಮಕ್ಕಳ ಪುಟದಲ್ಲಿ ಪದಬಂಧ, ದಾರಿ ಹುಡುಕಿ, ಬಣ್ಣ ತುಂಬಿ ಎಲ್ಲ ಇವೆ. ಅದರ ಅರ್ಧ ಪುಟ ಒಬ್ಬ ಹೊಸ ಚಿತ್ರಕಲಾವಿದನಿಗೋ ಕಲಾವಿದೆಗೋ ಬಿಟ್ಟುಕೊಡಿ. ಕನ್ನಡದಲ್ಲೇ ಹುಟ್ಟಿದ ಒಂದು ಸಾಹಸದ ಕಥೆ, ವಾರ ವಾರ, 'ಮುಂದುವರಿಯುವುದು' ಅಂತ ಕೊನೆಯಾಗುವಂಥದ್ದು. ಮೂರು ತಿಂಗಳಿಗೆ ಚೆನ್ನಾಗಿ ಬರಲಿಲ್ಲ ಅಂತ ನಿಲ್ಲಿಸಬೇಡಿ, ನಾಲ್ಕೈದು ವರ್ಷ ಕೊಡಿ. ನಮ್ಮ ಮನೆಯಲ್ಲಿ ಆ ಪುಟಕ್ಕಾಗಿ ಕಾಯುವವರು ಈಗಲೇ ಇಬ್ಬರಿದ್ದಾರೆ.

ಇಂತಿ,
ನಿಮ್ಮ ಓದುಗ