ಏರಿನಲ್ಲಿ ಕಬ್ಬಿನ ಟ್ರೈಲರ್ ಎಳೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಟಾವು ಶುರುವಾಗಿದೆ. "45 ಎಚ್‌ಪಿ ಟ್ರ್ಯಾಕ್ಟರ್ ಇದ್ದರೂ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ" ಅಂತ ಎರಡು ದಿನದಿಂದ ಇಲ್ಲಿ ಮಾತು ನಡೆದಿದೆ, ಅದಕ್ಕೇ ಇದು.

ಟ್ರ್ಯಾಕ್ಟರ್, ಟ್ರೈಲರ್, ಕಬ್ಬು ಎಲ್ಲಾ ಸೇರಿ 10 ಟನ್ ಅಂದುಕೊಳ್ಳಿ. 15 ಅಡಿಗೆ ಒಂದು ಅಡಿ ಏರುವ ರಸ್ತೆ. ಏರು ಹತ್ತಲು ಸುಮಾರು 670 ಕೆಜಿ ಎಳೆತ ಬೇಕು. ಟೈರ್ ಉರುಳಲು ಇನ್ನೊಂದು 200. ಗಂಟೆಗೆ 10 ಕಿ.ಮೀ. ವೇಗದಲ್ಲಿ ಇದಕ್ಕೆ ಚಕ್ರದ ಹತ್ತಿರ 32 ಎಚ್‌ಪಿ ಸಾಕು. ಅದೇ 20ರಲ್ಲಿ ಹೋಗ್ತೀನಿ ಅಂದರೆ 64 ಬೇಕು! ಇಲ್ಲದ್ದು ಎಲ್ಲಿಂದ ಬರಬೇಕು, ಅಲ್ವಾ?

ಹಾಗಾಗಿ ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಹೋದ ವರ್ಷ ನಾನು ನಡು ಏರಿನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದೆ. ಗಾಡಿ ನಾಲ್ಕು ಅಡಿ ಹಿಂದೆ ಸರಿಯಿತು. ಹುಡುಗ ಚಕ್ರಕ್ಕೆ ಕಲ್ಲು ಕೊಡುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಇರುವ ಎರಡೂ ಬ್ರೇಕ್ ಪೆಡಲ್ ಜೋಡಿಸುವ ಲಾಕ್ ಹಾಕಿದ್ದೀರಾ, ಹೊರಡುವಾಗಲೇ ನೋಡಿಕೊಳ್ಳಿ.

ಇನ್ನು ಟೈರ್. ಹಿಂದಿನ ಚಕ್ರದ 13.6-28 ಸೈಜಿನ ಟೈರ್ (ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ) ತೆಗೆದು 14.9-28 ಹಾಕಿಸಿದರೆ ಚಕ್ರ ಸುಮಾರು 4% ದೊಡ್ಡದಾಗುತ್ತದೆ. ಅದೇ ಗೇರಿನಲ್ಲಿ ಎಳೆತವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಕೆಸರಿನಲ್ಲಿ ಹಿಡಿತ ಸ್ವಲ್ಪ ಜಾಸ್ತಿ ಸಿಗಬಹುದು, ಆದರೆ ಡಾಂಬರು ಏರಿಗೆ ಸುಮ್ನೆ ದುಡ್ಡು ದಂಡ. ಫೋರ್ ವೀಲ್ ಡ್ರೈವ್ ಇರುವವರಂತೂ ಹಿಂದಿನದು ಮಾತ್ರ ಬದಲಿಸಲೇಬೇಡಿ. ಮುಂದಿನ, ಹಿಂದಿನ ಚಕ್ರ ಹೊಂದಿಕೊಂಡು ತಿರುಗುವ ಲೆಕ್ಕ ತಪ್ಪಿ ಗೇರ್‌ಬಾಕ್ಸ್‌ಗೆ ಪೆಟ್ಟು ಬೀಳುತ್ತದೆ.

ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೆ ಏಳುತ್ತಿದ್ದರೆ ಲೋಡ್ ಇಳಿಸಿ, ಎರಡು ಟ್ರಿಪ್ ಮಾಡಿ.