ಮುಷ್ಕರದ ಕಥೆ ಹೇಳಿದರೆ ಬೀಗವೇ?

ಮಾನ್ಯರೇ,

ಭಾನುವಾರ ನಮ್ಮ ಬಡಾವಣೆಯ ಸಭಾಂಗಣಕ್ಕೆ ಬೀಗ ಹಾಕಿದ ಸುದ್ದಿ ನಿಮ್ಮಲ್ಲಿ ಬಂದಿದೆ. ಅಲ್ಲಿ ಮಾತಾಡಬೇಕಿದ್ದವನು ನಾನೇ. 15 ದಿನ ಮೊದಲೇ ಬಾಡಿಗೆ ಕಟ್ಟಿದ್ದೇನೆ, ರಸೀದಿ ಇದೆ. ಪ್ರೊಜೆಕ್ಟರನ್ನು ಆಟೊದಲ್ಲಿ ಹೇರಿಕೊಂಡು ಬಂದೆ. ಮಂಡಿನೋವಿನಲ್ಲಿ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತೆ. ನನ್ನ ಹೆಂಡತಿ 40 ಜನಕ್ಕೆ ಮಾಡಿದ್ದ ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಕೊನೆಗೆ ಫೋನಿಗೆ ಸಿಕ್ಕ ಅಧಿಕಾರಿ, ‘ಮುಷ್ಕರದ ವಿಷಯಕ್ಕೆಲ್ಲ ಕೊಡಲ್ಲ’ ಎಂದು ಇಟ್ಟುಬಿಟ್ಟರು.

ಯಾವ ಮುಷ್ಕರ ಅಂತ ಒಂದು ಮಾತು ಕೇಳಬಾರದಿತ್ತೇ? ಅಮೆರಿಕದ ಮಿನ್ನೆಸೋಟ ರಾಜ್ಯದ ಆಸ್ಟಿನ್ ಊರಿನ ಹಾರ್ಮೆಲ್ ಮಾಂಸದ ಕಾರ್ಖಾನೆಯದು. ಲಾಭದಲ್ಲಿದ್ದ ಕಂಪನಿ 1984ರಲ್ಲಿ ಗಂಟೆಗೆ 10.69 ಡಾಲರ್ ಇದ್ದ ಕೂಲಿಯನ್ನು 8.25ಕ್ಕೆ ಇಳಿಸಿತು. ದಿನವಿಡೀ ಚಾಕು ಹಿಡಿಯುವ ಕೆಲಸ ಅದು. ಮಣಿಕಟ್ಟು ಸೋಲುತ್ತದೆ, ಬೆರಳು ಮರಗಟ್ಟುತ್ತದೆ. 1985ರ ಆಗಸ್ಟ್‌ನಲ್ಲಿ ಸುಮಾರು 1,500 ಜನ ಕೆಲಸ ನಿಲ್ಲಿಸಿದರು. ಜನವರಿಯಲ್ಲಿ ಕಂಪನಿ ಮತ್ತೆ ಗೇಟು ತೆರೆದು ಹೊಸಬರನ್ನು ಸೇರಿಸಿಕೊಂಡಿತು. ಆ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ರೂಡಿ ಪರ್ಪಿಚ್ ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೇನೆಯನ್ನೇ ಕಳಿಸಿದರು. ಅದೇ ಊರಲ್ಲಿ 1933ರಲ್ಲಿ ಕಾರ್ಮಿಕರು ಕಾರ್ಖಾನೆಯನ್ನೇ ವಶಕ್ಕೆ ತಗೊಂಡಾಗ ಆಗಿನ ಗವರ್ನರ್ ಫ್ಲಾಯ್ಡ್ ಓಲ್ಸನ್ ತಾವೇ ಬಂದು ಮಾತುಕತೆಗೆ ಕೂತಿದ್ದರು.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಬೆನ್ನಿಗೆ ನಿಲ್ಲಬೇಕಿದ್ದ ದೇಶಮಟ್ಟದ ದೊಡ್ಡ ಕಾರ್ಮಿಕ ಸಂಘವೇ 1986ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಊರಿನ ಸಂಘವನ್ನು ತನ್ನ ಹಿಡಿತಕ್ಕೆ ತಗೊಂಡು ಸೆಪ್ಟೆಂಬರ್‌ನಲ್ಲಿ ಒಪ್ಪಂದ ಮುಗಿಸಿತು. ವರ್ಷವಿಡೀ ಹೊರಗೆ ನಿಂತಿದ್ದ ಎಷ್ಟೋ ಜನಕ್ಕೆ ಕೆಲಸ ವಾಪಸ್ ಸಿಗಲೇ ಇಲ್ಲ. ನಾನೂ 31 ವರ್ಷ ಕಾರ್ಖಾನೆಯಲ್ಲಿ ದುಡಿದವನು. ಇದನ್ನು ನಮ್ಮ ಹುಡುಗರು ಕೇಳಬೇಕು ಅಲ್ವಾ?

ಸಭಾಂಗಣ ನೋಡಿಕೊಳ್ಳುವ ಈ ಕಚೇರಿಯ ಕಾಟ ಹೊಸದೇನಲ್ಲ. ಹೋದ ವರ್ಷ ಬೀದಿದೀಪಕ್ಕೆ ಮೂರು ಸಲ ಅರ್ಜಿ ಕೊಟ್ಟೆ, ಮೂರು ಸಲವೂ ಕಳೆದುಹೋಯಿತು. ಸಭಾಂಗಣದ ನಲ್ಲಿಯಲ್ಲಿ ಎರಡು ಬೇಸಿಗೆಯಿಂದ ನೀರಿಲ್ಲ. ಮದುವೆಗೆ, ಹುಟ್ಟುಹಬ್ಬಕ್ಕೆ ಕೇಳಿದ ತಕ್ಷಣ ಬೀಗದ ಕೈ ಸಿಗುತ್ತದೆ. ದುಡಿದವರ ಮಾತಿಗೆ ಸಿಗುವುದಿಲ್ಲ. ಕಟ್ಟಿದ ಹಣ ಕೇಳಿದರೆ ‘ನಾಳೆ ಬನ್ನಿ’. ಸುಮ್ನೆ ಓಡಾಡಿಸುತ್ತಾರೆ.

ನಮ್ಮ ಹಣ ವಾಪಸ್ ಕೊಡಲಿ. ಇಲ್ಲವೇ ಬರುವ ಭಾನುವಾರ ಸಭಾಂಗಣ ತೆರೆಯಲಿ. ಎರಡೂ ಮಾಡಲಿ. ಆ ಅಧಿಕಾರಿಯೂ ಬಂದು ಮುಂದಿನ ಸಾಲಲ್ಲೇ ಕೂತು ಕೇಳಲಿ. ನಲ್ಲಿಯನ್ನೂ ಸರಿ ಮಾಡಿಸಲಿ.

– ನಿವೃತ್ತ ಕಾರ್ಮಿಕ, ಬೆಂಗಳೂರು