ಥೈರಾಯ್ಡ್ ಗುಳಿಗೆಯಿಂದ ಕಬ್ಬಿಣದ ಗುಳಿಗೆ ನಾಲ್ಕು ತಾಸು ಆಚೆಗಿರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಸಿಂಧನೂರಿನಲ್ಲಿ ಬ್ಲೌಸ್ ಹೊಲಿಯುವವಳು. ಮದುವೆಯಾಗಿ ಆರು ವರ್ಷ ಮಕ್ಕಳಾಗಿರಲಿಲ್ಲ. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಹುಲಿಗೆಮ್ಮ ದೇವಿಗೆ ಉಡಿ ತುಂಬಿ ಬಂದೆವು. ಆಸ್ಪತ್ರೆಗಳಿಗೂ ಅಲೆದೆವು. ಗರ್ಭನಾಳದ ಎಕ್ಸ್‌ರೇ ಆಯ್ತು, ಸ್ಕ್ಯಾನಿಂಗ್‌ಗಂತೂ ಲೆಕ್ಕವಿಲ್ಲ. ನನ್ನ ಯಜಮಾನರ ಪರೀಕ್ಷೆ ಮಾತ್ರ ನಾಲ್ಕನೇ ವರ್ಷಕ್ಕೆ ಆಯ್ತು. ಗಂಡಸರನ್ನೂ ಮೊದಲ ದಿನವೇ ಕರೆಯಬೇಕು ಅಲ್ವಾ?

ಕಳೆದ ವರ್ಷ ಹೊಸ ಡಾಕ್ಟರ್ ಮೇಡಂ ಒಬ್ಬರು ನನ್ನ ಫೈಲು ತಿರುವಿ ಹಾಕುತ್ತಾ ಒಂದು ಹಳೇ ರಿಪೋರ್ಟ್ ಹೊರಗೆಳೆದರು. ಥೈರಾಯ್ಡ್ ಗ್ರಂಥಿ ಮಂದವಾದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ 6.8. ಪಕ್ಕದಲ್ಲಿ ದಪ್ಪಗೆ ‘ಎಚ್’ ಎಂದಿತ್ತು, ಅಂದರೆ ಜಾಸ್ತಿ. ಥೈರಾಯ್ಡ್ ಹಾರ್ಮೋನಾದ ಟಿ4 ಸರಿಯಿತ್ತು. ಮೂರು ವರ್ಷದಿಂದ ಆ ಹಾಳೆ ನನ್ನ ಚೀಲದಲ್ಲೇ ಇತ್ತು. ನೋಡಿದವರೆಲ್ಲ ‘ಸ್ವಲ್ಪ ಇದೆ, ಪರವಾಗಿಲ್ಲ’ ಅಂದಿದ್ದರು. ನನಗೂ ಸುಸ್ತು, ಮುಖ ಊದುವುದು ಏನೂ ಇರಲಿಲ್ಲ. ಥೈರಾಯ್ಡ್ ಸ್ವಲ್ಪವೇ ಮಂದವಾದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲವಂತೆ. ಆದರೆ ಮಗು ಬೇಕು ಅನ್ನುವವರಿಗೆ ಟಿಎಸ್‌ಎಚ್ 4 ದಾಟಿದರೆ ಸಾಮಾನ್ಯವಾಗಿ ಗುಳಿಗೆ ಕೊಡುತ್ತಾರೆ ಎಂದು ಮೇಡಂ ಬಿಡಿಸಿ ಹೇಳಿದರು. ಮತ್ತೆ ರಕ್ತ ಕೊಟ್ಟೆ. 7.1 ಬಂತು.

50 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಗುಳಿಗೆ, ಶುರುವಾಯ್ತು. ಎರಡು ತಿಂಗಳಾದ ಮೇಲೆ ನೋಡಿದರೆ 6.5! ‘ಹೇಗೆ ನುಂಗ್ತೀಯಮ್ಮ?’ ಎಂದು ಕೇಳಿದರು. ಬೆಳಿಗ್ಗೆ ಚಹಾ ಕುಡಿಯುತ್ತಾ, ರಕ್ತ ಕಮ್ಮಿ ಅಂತ ಕೊಟ್ಟಿದ್ದ ಕಬ್ಬಿಣದ ಗುಳಿಗೆಯ ಜೊತೆ ಅಂದೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲೇ ಥೈರಾಯ್ಡ್ ಗುಳಿಗೆಯನ್ನು ಹಿಡಿದುಕೊಂಡು ಬಿಡುತ್ತವೆ, ರಕ್ತಕ್ಕೆ ಸೇರಗೊಡುವುದಿಲ್ಲ. ಆವತ್ತಿನಿಂದ ಅಂಗಳ ಗುಡಿಸುವ ಮುಂಚೆ ಬರೀ ನೀರಲ್ಲಿ ನುಂಗುತ್ತೇನೆ. ರಂಗೋಲಿ ಹಾಕಿ, ಪಾತ್ರೆ ತಿಕ್ಕಿ, ಒಂದು ತಾಸಾದ ಮೇಲೆ ಚಹಾ. ಕಬ್ಬಿಣದ್ದು ಮಧ್ಯಾಹ್ನ ಉಂಡ ಮೇಲೆ. ಮುಂದಿನ ಸಲ 2.3ಕ್ಕೆ ಇಳಿದಿತ್ತು.

ಈಗ ನನಗೆ ಐದು ತಿಂಗಳು. ಗುಳಿಗೆಯಿಂದಲೇ ನಿಂತಿತು ಅಂತ ನಾನು ಹೇಳಲಾರೆ, ಮೇಡಂ ಕೂಡ ಹಾಗನ್ನಲಿಲ್ಲ. ಅಂಗಡಿಗೆ ಬರುವ ಹುಡುಗಿಯೊಬ್ಬಳು ತನ್ನದು 2.9 ಇದೆ, ನಿನ್ನ ಗುಳಿಗೆ ಕೊಡಕ್ಕಾ ಅಂದಳು. ಕೊಡಲಿಲ್ಲ. ಅಷ್ಟಕ್ಕೆ ಬೇಕೋ ಬೇಡವೋ ಎಂಬುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಸುಮ್ನೆ ನುಂಗುವ ಗುಳಿಗೆ ಇದಲ್ಲ.

ಬಸಿರಾದ ಮೇಲೆ ಔಷಧ ಬಿಡು ಎಂದು ಅತ್ತೆ ಹಟ ಹಿಡಿದಿದ್ದರು. ಬಿಡಬಾರದು. ಮೊದಲ ತಿಂಗಳುಗಳಲ್ಲಿ ಮಗುವಿಗೆ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಹೋಗಬೇಕು. ಮುಟ್ಟು ನಿಂತ ಕೂಡಲೇ ಡಾಕ್ಟರಿಗೆ ಹೇಳಿದೆ, ಡೋಸ್ ಹೆಚ್ಚಿಸಿದರು. ಅತ್ತೆಯನ್ನೂ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದಲೇ ಕೇಳಿಸಿದೆ. ಈಗ ಬೆಳಿಗ್ಗೆ ನೀರು ತಂದುಕೊಡುವವರು ಅತ್ತೆಯೇ.

ಮಕ್ಕಳಾಗಿಲ್ಲ ಅಂತ ಬಂದವರಿಗೆ ಡಾಕ್ಟರುಗಳು ಮೊದಲ ದಿನವೇ ಟಿಎಸ್‌ಎಚ್ ಬರೆದುಕೊಡಲಿ, ಬಂದ ರಿಪೋರ್ಟನ್ನು ಕಣ್ಣಿಟ್ಟು ನೋಡಲಿ. ನನ್ನ ಗುಳಿಗೆ ಡಬ್ಬಿಯ ಮೇಲೆ ಕನ್ನಡದ ಒಂದಕ್ಷರವಿರಲಿಲ್ಲ. ಔಷಧ ಅಂಗಡಿಯವರು ಪೆನ್ನಿನಲ್ಲಿ ಇಷ್ಟು ಬರೆದುಕೊಟ್ಟರೂ ಸಾಕು: ‘ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ನಾಲ್ಕು ತಾಸಿನ ಮೇಲೆ.’

ಇಂತಿ,
ಒಬ್ಬ ಹೆಣ್ಣುಮಗಳು, ಸಿಂಧನೂರು
(ಹೆಸರು ಹಾಕಬೇಡಿ)